ರ್ಯಾಕ್ ಮುಟ್ಟಿದರೆ ಜುಮ್ ಅನ್ನುತ್ತಾ? ಮಲೆನಾಡಿನಲ್ಲಿ ನೆಟ್‌ವರ್ಕ್ ಅರ್ಥಿಂಗ್ ದೋಷ ಹುಡುಕುವ ಬಗೆ

ಶಿವಮೊಗ್ಗ ಜಿಲ್ಲೆಯ ಘಟ್ಟದ ಕಡೆ ನೆಟ್‌ವರ್ಕ್ ಸಾಮಾನು ಹಾಳಾಗುವುದಕ್ಕೂ ಒಂದು ಕಾಲ ಇದೆ. ಜೂನ್, ಜುಲೈನಲ್ಲಿ ದಿನಗಟ್ಟಲೆ ಸುರಿಯುವ ಮಳೆಯಲ್ಲಿ ಕರೆಂಟ್ ಹೋಗುತ್ತದೆ, ಕಂಬ ಬೀಳುತ್ತದೆ, ಆದರೆ ನೆಟ್‌ವರ್ಕ್ ಸ್ವಿಚ್ (ಹಲವು ಕಂಪ್ಯೂಟರ್, ಕ್ಯಾಮೆರಾಗಳನ್ನು ಒಟ್ಟಿಗೆ ಜೋಡಿಸುವ ಪೆಟ್ಟಿಗೆ) ಸುಡುವುದು ಕಡಿಮೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕಟ್ಟಿಕೊಂಡು ಬರುವ ಮಳೆ, ಆಮೇಲೆ ಅಕ್ಟೋಬರ್‌ನ ಹಿಂಗಾರು. ರೂಟರ್, ಕ್ಯಾಮೆರಾ, ಸ್ವಿಚ್ ಪೋರ್ಟ್ (ಕೇಬಲ್ ಚುಚ್ಚುವ ಕಿಂಡಿ) ಸಾಯುವುದು ಹೆಚ್ಚಾಗಿ ಆಗಲೇ. ಹೊಸದು ತಂದು ಹಾಕುತ್ತೇವೆ. ಮುಂದಿನ ವರ್ಷ ಅದೂ ಹೋಗುತ್ತದೆ. ಬೈಗುಳ ಮಾತ್ರ ಸಾಮಾನು ಮಾಡಿದ ಕಂಪನಿಗೆ.

ನಾನು ನೋಡಿದ ಮಟ್ಟಿಗೆ ತಪ್ಪು ಹೆಚ್ಚಿನ ಸಲ ಸಾಮಾನಿನಲ್ಲೂ ಇರುವುದಿಲ್ಲ, ಅರ್ಥ್ ಗುಂಡಿಯಲ್ಲೂ (ಸೋರುವ ಕರೆಂಟನ್ನು ನೆಲಕ್ಕಿಳಿಸಲು ಪೈಪ್ ಹೂತ ಗುಂಡಿ) ಇರುವುದಿಲ್ಲ. ಎರಡರ ನಡುವಿನ ವೈರಿನಲ್ಲಿ ಇರುತ್ತದೆ. ಇಲ್ಲವೇ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎಳೆದ ತಾಮ್ರದ ಕೇಬಲ್‌ನಲ್ಲಿ ಇರುತ್ತದೆ. ಹಾಗಾಗಿ ಹುಡುಕುವಾಗ ಸಾಮಾನಿನ ಹತ್ತಿರ ಶುರು ಮಾಡಿ ಗುಂಡಿಯ ಕಡೆಗೆ ನಡೆಯಬೇಕು. ಎಲ್ಲರೂ ಮಾಡುವುದು ಉಲ್ಟಾ: ಮೊದಲು ಹಾರೆ ಗುದ್ದಲಿ ತರುತ್ತಾರೆ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಮಾತು. ಮೀಟರ್‌ನಿಂದ ಕಂಬದ ಕಡೆ ಇರುವುದೆಲ್ಲ ಮೆಸ್ಕಾಂ (ಇಲ್ಲಿನ ವಿದ್ಯುತ್ ಕಂಪನಿ) ಕೆಲಸ, ಕೈ ಹಾಕಬೇಡಿ. ಡಿಬಿ (ಕಟ್ಟಡದೊಳಗೆ ಕರೆಂಟ್ ಹಂಚುವ ಪೆಟ್ಟಿಗೆ) ಬಿಚ್ಚುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಯಾವ ಪರೀಕ್ಷೆಯೂ ಬೇಡ. ಗುಡುಗು ಕೇಳಿಸುತ್ತಿದ್ದರೆ ಆ ದಿನ ಅಳೆಯುವ ಮಲ್ಟಿಮೀಟರ್ ಚೀಲದಲ್ಲೇ ಇರಲಿ.

ಲಕ್ಷಣ ನೋಡಿ ಗುರುತು ಹಿಡಿಯುವುದು

ರ್ಯಾಕ್ (ಸಾಮಾನು ಕೂರಿಸುವ ಕಬ್ಬಿಣದ ಚೌಕಟ್ಟು), ಸ್ವಿಚ್ ಅಥವಾ ಡಿವಿಆರ್ (ಕ್ಯಾಮೆರಾ ಚಿತ್ರ ದಾಖಲಿಸುವ ಪೆಟ್ಟಿಗೆ) ಮೈ ಮುಟ್ಟಿದರೆ ಜುಮ್ ಅನ್ನುತ್ತದೆ, ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುತ್ತದೆ ಅಂದರೆ ಅರ್ಥ್ ವೈರ್ ಎಲ್ಲೋ ತುಂಡಾಗಿದೆ. ಇದು ಅತಿ ಸಾಮಾನ್ಯ.

ಗುಡುಗು ಬಂದ ಮಾರನೇ ದಿನ ಒಂದು ಪೋರ್ಟ್ ಪೂರ್ತಿ ಸತ್ತಿದೆ, ಇಲ್ಲವೇ ಗಿಗಾಬಿಟ್ ಇದ್ದದ್ದು 100 ಎಂಬಿಪಿಎಸ್‌ಗೆ ಇಳಿದಿದೆ. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಸಿಡಿಲಿನ ಏಟಿಗೆ ಪೋರ್ಟ್‌ನ ಒಂದು ಜೋಡಿ ಹೋಗಿದ್ದರೆ ಲಿಂಕ್ ಕುಂಟುತ್ತಾ ನಡೆಯುತ್ತದೆ. ಕೇಬಲ್ ಬದಲಿಸಿ ನೋಡಿ. ಹೊಸ ಕೇಬಲ್‌ನಲ್ಲೂ ಅದೇ ಪೋರ್ಟ್ 100ರಲ್ಲೇ ನಿಂತರೆ ಪೋರ್ಟ್ ಏಟು ತಿಂದಿದೆ ಎಂದು ಲೆಕ್ಕ. ಸಾಯುವ ಪೋರ್ಟ್ ಪ್ರತಿ ಸಲ ಒಂದೇ ಇದ್ದರೆ, ಅದರ ಆ ಕಡೆ ತುದಿ ಎಲ್ಲಿದೆ ನೋಡಿ. ಹೆಚ್ಚಾಗಿ ಕೊಟ್ಟಿಗೆ, ಗೋದಾಮು, ಗೇಟಿನ ಕ್ಯಾಮೆರಾ ಅಥವಾ ಛಾವಣಿ ಮೇಲಿನ ಆಂಟೆನಾ ಆಗಿರುತ್ತದೆ.

ಗುಡುಗೂ ಇಲ್ಲ, ಸಿಡಿಲೂ ಇಲ್ಲ, ಒಂದೇ ಹೊತ್ತಿಗೆ ಮನೆಯ ಮೂರು ನಾಲ್ಕು ಅಡಾಪ್ಟರ್ ಹೊಗೆಯಾಡಿದವು. ಇದು ಅರ್ಥಿಂಗ್ ದೋಷವೇ ಅಲ್ಲ. ಗಾಳಿಗೆ ಮರದ ಕೊಂಬೆ ಲೈನ್ ಮೇಲೆ ಬಿದ್ದು ಕಂಬದಲ್ಲಿ ನ್ಯೂಟ್ರಲ್ (ಕರೆಂಟ್ ಹಿಂತಿರುಗುವ ತಂತಿ) ಬಿಟ್ಟಿರುತ್ತದೆ. ಆಗ ಒಂದು ಮನೆಯಲ್ಲಿ ಬಲ್ಬ್ ಉರಿದು ಬೀಳುವಂತೆ ಬೆಳಗುತ್ತದೆ, ಪಕ್ಕದ ಮನೆಯಲ್ಲಿ ಮಿಣಿಮಿಣಿ ಅನ್ನುತ್ತದೆ. 230 ವೋಲ್ಟ್ ಇರಬೇಕಾದ ಕಡೆ 300 ದಾಟಿರಬಹುದು. ಮೈನ್ ಇಳಿಸಿ, ಲೈನ್‌ಮನ್‌ಗೆ ಫೋನ್ ಮಾಡಿ. ಇದನ್ನು ಅರ್ಥಿಂಗ್ ಎಂದುಕೊಂಡು ಗುಂಡಿ ತೆಗೆಸಿದವರು ನಮ್ಮಲ್ಲಿ ಕಡಿಮೆ ಇಲ್ಲ.

ಹಳೇ ಕಾಲದ ಬಿಎನ್‌ಸಿ (ತಿರುಗಿಸಿ ಕೂರಿಸುವ ದುಂಡು ಕನೆಕ್ಟರ್‌ನ) ಕ್ಯಾಮೆರಾದಲ್ಲಿ ಚಿತ್ರದ ಮೇಲೆ ಅಡ್ಡ ಪಟ್ಟಿಗಳು ನಿಧಾನ ಮೇಲೆ ಕೆಳಗೆ ಹರಿದಾಡುತ್ತಿದ್ದರೆ, ಎರಡು ತುದಿಯ ಅರ್ಥ್ ಬೇರೆ ಬೇರೆ ಮಟ್ಟದಲ್ಲಿದೆ ಎಂದು ಅರ್ಥ. ಮುಂದೆ ಎರಡು ಕಟ್ಟಡದ ವಿಷಯದಲ್ಲಿ ಅದು ಬರುತ್ತದೆ.

ಆ ಜುಮ್ ಎಲ್ಲಿಂದ ಬರುತ್ತದೆ

ಸ್ವಿಚ್, ಡಿವಿಆರ್, ಕಂಪ್ಯೂಟರ್ ಎಲ್ಲದರ ಒಳಗೂ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಸಾಮಾನಿಗೆ ಬೇಕಾದಷ್ಟಕ್ಕೆ ಇಳಿಸುವ ಪವರ್ ಸಪ್ಲೈ) ಇದೆ. ಅದರ ಬಾಯಲ್ಲಿ ಕರೆಂಟಿನ ಗದ್ದಲ ತಡೆಯುವ ಫಿಲ್ಟರ್ ಇರುತ್ತದೆ. ಫೇಸ್‌ನಿಂದ (ಕರೆಂಟ್ ಬರುವ ತಂತಿ) ಮೈಗೆ ಒಂದು ಸಣ್ಣ ಕೆಪಾಸಿಟರ್, ನ್ಯೂಟ್ರಲ್‌ನಿಂದ ಮೈಗೆ ಇನ್ನೊಂದು. ಅರ್ಥ್ ಇದ್ದರೆ ಇವುಗಳಿಂದ ಸೋರುವ ಕರೆಂಟ್ ಸದ್ದಿಲ್ಲದೆ ನೆಲಕ್ಕೆ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಸಾಮಾನಿನ ಮೈ ಎರಡರ ನಡುವೆ ತೇಲುತ್ತದೆ. ಮಲ್ಟಿಮೀಟರ್‌ನಲ್ಲಿ 230ರ ಸುಮಾರು ಅರ್ಧ, 110 ವೋಲ್ಟ್ ಆಸುಪಾಸು ತೋರಿಸುತ್ತದೆ.

ಒಂದು ಸಾಮಾನಿನಿಂದ ಸೋರುವುದು ಬಹಳ ಕಡಿಮೆ, ಸಾಮಾನ್ಯವಾಗಿ ಅರ್ಧ ಮಿಲಿಆಂಪಿಯರ್ ಒಳಗೆ. ಕೈಗೆ ಜುಮ್ ಅನ್ನುತ್ತದೆ ಅಷ್ಟೇ. "ಅದು ಹಂಗೇ, ಎಲ್ಲಾ ಕಡೆ ಇರುತ್ತೆ" ಎಂದು ಬಿಟ್ಟುಬಿಡುವುದು ಇದಕ್ಕೇ. ಆದರೆ ರ್ಯಾಕ್ ಕಬ್ಬಿಣದ್ದು. ಒಳಗೆ ಸ್ವಿಚ್, ಡಿವಿಆರ್, ಯುಪಿಎಸ್, ಸರ್ವರ್ ಎಲ್ಲ ಬೋಲ್ಟ್ ಹಾಕಿ ಕೂರಿಸಿದ್ದೇವೆ. ರ್ಯಾಕ್‌ನ ಅರ್ಥ್ ಕಡಿದುಹೋಗಿದ್ದರೆ ಅಷ್ಟರದ್ದೂ ಒಟ್ಟು ಸೋರಿಕೆ ಮುಟ್ಟಿದವನ ಕೈಯಿಂದ ಇಳಿಯುತ್ತದೆ. ಇಪ್ಪತ್ತು ಸಾಮಾನಿಗೆ 0.35ರ ಲೆಕ್ಕ ಹಿಡಿದರೂ 7 ಮಿಲಿಆಂಪಿಯರ್. 10 ದಾಟಿದರೆ ಹಿಡಿದ ಕೈ ಬಿಡಿಸಿಕೊಳ್ಳುವುದೇ ಕಷ್ಟ. ಏಣಿ ಮೇಲೆ ನಿಂತು ಗೋಡೆ ರ್ಯಾಕ್ ಬಿಚ್ಚುವ ಹುಡುಗ ಇಷ್ಟು ಶಾಕಿಗೇ ಬೆಚ್ಚಿ ಕೆಳಗೆ ಬೀಳಬಹುದು.

ಇನ್ನು ಅದೇ ರ್ಯಾಕ್‌ನಲ್ಲಿ ಒಂದು ಪವರ್ ಸಪ್ಲೈ ನಿಜವಾಗಿ ಕೆಟ್ಟು ಫೇಸ್ ಮೈಗೆ ತಾಗಿತು ಎನ್ನಿ. ಆಗ ಮೈಮೇಲೆ ಪೂರಾ 230. ಬರಿ ಟೆಸ್ಟರ್‌ಗೆ ಇವೆರಡರ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಟೆಸ್ಟರ್ ನೋಡಿ ತೀರ್ಮಾನ ಬೇಡ.

ಸಾಕೆಟ್ ಹತ್ತಿರ ಮಲ್ಟಿಮೀಟರ್

ರ್ಯಾಕ್‌ಗೆ ಕರೆಂಟ್ ಕೊಡುವ ಅದೇ ಸಾಕೆಟ್‌ನಲ್ಲಿ ಅಳೆಯಿರಿ. ಪಕ್ಕದ ರೂಮಿನ ಸಾಕೆಟ್ ಚೆನ್ನಾಗಿದ್ದು ನಿಮಗೆ ಉಪಯೋಗ ಇಲ್ಲ. ಮೀಟರ್ ಎಸಿ ವೋಲ್ಟೇಜ್‌ನಲ್ಲಿರಲಿ. ಮೂರು ಸಲ ಅಳೆಯಬೇಕು: ಫೇಸ್ ಮತ್ತು ನ್ಯೂಟ್ರಲ್, ಫೇಸ್ ಮತ್ತು ಅರ್ಥ್ (ಮೇಲಿನ ದಪ್ಪ ತೂತು), ನ್ಯೂಟ್ರಲ್ ಮತ್ತು ಅರ್ಥ್.

ಮೊದಲ ಎರಡೂ 230 ಹತ್ತಿರ ಇದ್ದು, ಮೂರನೆಯದು ಒಂದೆರಡು ವೋಲ್ಟ್ ತೋರಿಸಿದರೆ ವೈರ್ ಗುಂಡಿವರೆಗೆ ಹೋಗಿದೆ ಎನ್ನಬಹುದು. ಫೇಸ್-ಅರ್ಥ್ 110, 140 ಹೀಗೆ ಏನೇನೋ ತೋರಿಸಿ ಕುಣಿಯುತ್ತಿದ್ದರೆ ಅರ್ಥ್ ತುಂಡಾಗಿದೆ, ಮೀಟರ್ ತೋರಿಸುವುದು ಬರೀ ತೇಲುವ ವೋಲ್ಟೇಜ್.

ನ್ಯೂಟ್ರಲ್-ಅರ್ಥ್ ಕಚ್ಚಿ ಹಿಡಿದ ಹಾಗೆ ಸೊನ್ನೆ ತೋರಿಸಿದರೆ ಖುಷಿಪಡಬೇಡಿ. ಗೀಸರ್ ಅಥವಾ ಇಸ್ತ್ರಿ ಪೆಟ್ಟಿಗೆ ಹಾಕಿ ಮತ್ತೆ ನೋಡಿ. ಲೋಡ್ ಬಿದ್ದಾಗ ನ್ಯೂಟ್ರಲ್‌ನಲ್ಲಿ ಸ್ವಲ್ಪವಾದರೂ ವೋಲ್ಟ್ ಏಳಬೇಕು. ಆಗಲೂ ಅಲ್ಲಾಡದೆ ಸೊನ್ನೆಯಲ್ಲೇ ನಿಂತರೆ ಯಾರೋ ಪುಣ್ಯಾತ್ಮ ಸಾಕೆಟ್ ಹಿಂದೆ ನ್ಯೂಟ್ರಲ್‌ಗೂ ಅರ್ಥ್‌ಗೂ ಒಂದು ತುಂಡು ವೈರ್ ಹಾಕಿ "ಅರ್ಥಿಂಗ್ ಕೊಟ್ಟಿದ್ದೀನಿ" ಎಂದು ದುಡ್ಡು ಇಸಕೊಂಡು ಹೋಗಿರುವ ಅನುಮಾನ ಬಲವಾಗುತ್ತದೆ. ಮೈನ್ ಇಳಿಸಿ ಸಾಕೆಟ್ ಬಿಚ್ಚಿ ನೋಡಿ. ಇದು ಅರ್ಥ್ ಇಲ್ಲದ್ದಕ್ಕಿಂತ ಕೆಟ್ಟದ್ದು. ನಾಳೆ ನ್ಯೂಟ್ರಲ್ ಕಡಿದರೆ ರ್ಯಾಕ್ ಮೈಗೆ ನೇರ 230 ಬರುತ್ತದೆ.

ಲೋಡ್ ಹಾಕಿದಾಗ 10, 15, 20 ವೋಲ್ಟ್‌ಗೆ ಏರುತ್ತದೆ ಎಂದರೆ ನ್ಯೂಟ್ರಲ್ ಜಾಯಿಂಟ್ ಸಡಿಲ ಇದೆ, ಇಲ್ಲವೇ ಅರ್ಥ್‌ನಲ್ಲಿ ಕರೆಂಟ್ ಹರಿಯುತ್ತಿದೆ. ಗುಂಡಿಗೆ ಇಳಿಯುವ ವೈರಿಗೆ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವಂಥದ್ದು) ಹಾಕಿದರೆ ಗೊತ್ತಾಗುತ್ತದೆ. ಅಲ್ಲಿ ಮಿಲಿಆಂಪಿಯರ್‌ಗಳ ಲೆಕ್ಕ ಇರಬೇಕು. ಆಂಪಿಯರ್‌ಗಟ್ಟಲೆ ಇದ್ದರೆ ಅರ್ಥನ್ನೇ ನ್ಯೂಟ್ರಲ್ ಮಾಡಿಕೊಂಡು ಏನೋ ಓಡುತ್ತಿದೆ. ನ್ಯೂಟ್ರಲ್ ಸರಿ ಇಲ್ಲದ ಮಳೆಗಾಲದಲ್ಲಿ "ತಾತ್ಕಾಲಿಕ" ಎಂದು ಹಾಗೆ ಮಾಡಿ, ಆಮೇಲೆ ಮರೆತುಬಿಡುವ ಅಭ್ಯಾಸ ಹಳ್ಳಿಗಳಲ್ಲಿ ಇದೆ.

ಇನ್ವರ್ಟರ್ ಇದ್ದರೆ ಇದೇ ಮೂರು ಅಳತೆ ಕರೆಂಟ್ ಇದ್ದಾಗ ಒಮ್ಮೆ, ಇನ್ವರ್ಟರ್ ಮೇಲೆ ಒಮ್ಮೆ. ನಮ್ಮ ಕಡೆ ಅರ್ಧ ದಿನ ಓಡುವುದೇ ಇನ್ವರ್ಟರ್ ಮೇಲೆ ಅಲ್ವಾ. ಇನ್ವರ್ಟರ್ ಮೇಲೆ ನ್ಯೂಟ್ರಲ್-ಅರ್ಥ್ 100 ದಾಟಿದರೂ ಗಾಬರಿ ಬೇಡ, ಕೆಲವು ಮಾದರಿಯಲ್ಲಿ ಆಗ ಔಟ್‌ಪುಟ್ ತೇಲುತ್ತದೆ. ಅರ್ಥ್ ವೈರ್ ಮಾತ್ರ ಮುರಿಯದೆ ಮುಂದಕ್ಕೆ ಹೋಗಿರಬೇಕು.

ಹಳೇ ಎಲೆಕ್ಟ್ರಿಷಿಯನ್‌ಗಳು ಟೆಸ್ಟ್ ಲ್ಯಾಂಪ್ ಹಿಡಿಯುತ್ತಾರೆ. 60 ವ್ಯಾಟ್‌ನ ಹಳೇ ನಮೂನೆ ಬಲ್ಬನ್ನು ಫೇಸ್‌ಗೂ ಅರ್ಥ್‌ಗೂ ಕೊಟ್ಟು ನೋಡುವುದು. ತೇಲುವ ವೋಲ್ಟೇಜ್‌ಗೆ ಬಲ್ಬ್ ಉರಿಯುವುದಿಲ್ಲವಾದ್ದರಿಂದ ಅರ್ಥ್ ಇದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ತಾನಾಗೇ ಆಫ್ ಆಗುವ ಸ್ವಿಚ್) ಇದ್ದರೆ ಅದು ಬೀಳುತ್ತದೆ, ಅದೂ ಒಂದು ಉತ್ತರವೇ. ಆದರೆ ಅರ್ಥ್‌ನ ತಡೆ 5 ಓಮ್ ಇದೆಯೋ 30 ಓಮ್ ಇದೆಯೋ ಈ ಬಲ್ಬ್‌ಗೆ ವ್ಯತ್ಯಾಸ ತಿಳಿಯುವುದಿಲ್ಲ, ಎರಡರಲ್ಲೂ ಒಂದೇ ತರ ಉರಿಯುತ್ತದೆ. ಜೊತೆಗೆ ಅಪಾಯವೂ ಇದೆ. ಗುಂಡಿಯ ಕಡೆ ವೈರ್ ಕಡಿದಿದ್ದರೆ, ಬಲ್ಬ್ ಹಾಕಿದಷ್ಟು ಹೊತ್ತು ಮನೆಯ ಎಲ್ಲ ಅರ್ಥ್ ಮೈಗಳಿಗೂ ಫೇಸ್ ಬಂದುಬಿಡುತ್ತದೆ. ಫ್ರಿಜ್, ಗ್ರೈಂಡರ್, ಗೀಸರ್ ಎಲ್ಲಕ್ಕೂ. ಅಡುಗೆಮನೆಯಲ್ಲಿ ಯಾರೂ ಏನೂ ಮುಟ್ಟದ ಹಾಗೆ ಹೇಳಿಯೇ ಮಾಡಬೇಕು. ನನ್ನ ಕೇಳಿದರೆ ಮಲ್ಟಿಮೀಟರ್ ಸಾಕು, ಬಲ್ಬ್ ಬೇಡ.

ತುಂಡಾಗುವ ಜಾಗಗಳು

ಅರ್ಥ್ ಇಲ್ಲ ಎಂದು ಗೊತ್ತಾದ ಮೇಲೆ ರ್ಯಾಕ್‌ನಿಂದ ಹಿಂದಕ್ಕೆ ನಡೆಯಿರಿ. ಮೊದಲು ಪ್ಲಗ್. ಮೂರು ಪಿನ್ನಿನದನ್ನು ಎರಡು ಪಿನ್ ಕನ್ವರ್ಟರ್‌ಗೆ ಚುಚ್ಚಿದ್ದಾರಾ, ಸಾಕೆಟ್‌ಗೆ ಹಿಡಿಸಲಿಲ್ಲ ಎಂದು ಮೇಲಿನ ಪಿನ್ ಮುರಿದಿದ್ದಾರಾ ನೋಡಿ. ಆಮೇಲೆ ಸ್ಪೈಕ್ ಬಾಕ್ಸ್. ಅಗ್ಗದ ಬಾಕ್ಸ್‌ಗಳಲ್ಲಿ ಮೂರು ತೂತು ಇರುತ್ತದೆ, ಒಳಗೆ ವೈರ್ ಎರಡೇ ಇರುತ್ತದೆ. ಮುಚ್ಚಳ ತೆಗೆದರೆ ಅರ್ಥ್ ತೂತುಗಳು ಒಂದಕ್ಕೊಂದು ತಗಡಿನ ಪಟ್ಟಿಯಲ್ಲಿ ಸೇರಿ ಅಲ್ಲೇ ನಿಂತಿರುತ್ತವೆ, ಮುಂದೆ ಎಲ್ಲಿಗೂ ಹೋಗಿರುವುದಿಲ್ಲ. ಅಂಥ ಬಾಕ್ಸ್‌ನಲ್ಲಿ ಸರ್ಜ್ ಪ್ರೊಟೆಕ್ಷನ್ (ಏಕಾಏಕಿ ಏರುವ ವೋಲ್ಟೇಜ್‌ನಿಂದ ರಕ್ಷಣೆ) ಇದೆ ಎಂದು ಬರೆದಿದ್ದರೂ ಸಿಡಿಲಿನ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ. ಅದು ತಳ್ಳಿದ ಕರೆಂಟ್ ನೆಲಕ್ಕೆ ಹೋಗಲು ದಾರಿಯೇ ಇಲ್ಲ.

ರ್ಯಾಕ್ ಮೈಯ ಪೇಂಟ್ ಇನ್ನೊಂದು. ಹಸಿರು ಅರ್ಥ್ ವೈರಿನ ಲಗ್ (ತುದಿಯ ಲೋಹದ ಬಳೆ) ಚೆನ್ನಾಗಿ ಬಿಗಿದಿರುತ್ತದೆ, ಅಡಿಯಲ್ಲಿ ಪೌಡರ್ ಕೋಟಿಂಗ್ ಹಾಗೇ ಇರುತ್ತದೆ. ಪೇಂಟ್ ಮೇಲೆ ಎಷ್ಟು ಬಿಗಿದರೂ ಸಂಪರ್ಕ ಆಗುವುದಿಲ್ಲ. ಲಗ್ ಕೂರುವಷ್ಟು ಜಾಗ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿಯಬೇಕು. ರ್ಯಾಕ್‌ನಿಂದ ಅರ್ಥ್ ಬಾರ್‌ಗೆ (ಎಲ್ಲ ಅರ್ಥ್ ವೈರ್ ಬಂದು ಸೇರುವ ಲೋಹದ ಪಟ್ಟಿ) ಬರುವ ವೈರ್ 6 ಸ್ಕ್ವೇರ್ ಎಂಎಂಗಿಂತ ಕಡಿಮೆ ಬೇಡ, 16 ಹಾಕಿದರೆ ಇನ್ನೂ ಒಳ್ಳೆಯದು. ಬಾಗಿಲು ಬಿಚ್ಚುವಂಥದ್ದಾದರೆ ಅದಕ್ಕೂ ಒಂದು ತುಂಡು.

ಹಳೇ ಹೆಂಚಿನ ಮನೆಗಳಲ್ಲಿ ಅರ್ಥ್ ವೈರನ್ನು ಬಚ್ಚಲಿನ ಜಿಐ (ಸತು ಬಳಿದ ಕಬ್ಬಿಣದ) ನೀರಿನ ಪೈಪಿಗೆ ಸುತ್ತಿರುವುದು ಮಾಮೂಲು. ಆ ಕಾಲಕ್ಕೆ ಅದು ಹೇಗೋ ನಡೆಯಿತು. ಆಮೇಲೆ ಪೈಪ್ ತುಕ್ಕು ಹಿಡಿಯಿತು ಎಂದು ಅಂಗಳದಲ್ಲಿ ಪಿವಿಸಿ ಹಾಕಿಸುತ್ತಾರೆ. ಅಲ್ಲಿಗೆ ಇಡೀ ಮನೆಯ ಅರ್ಥ್ ಕಡಿದುಹೋಯಿತು. ಪ್ಲಂಬರ್‌ಗೆ ಗೊತ್ತಿಲ್ಲ, ಎಲೆಕ್ಟ್ರಿಷಿಯನ್‌ಗೆ ಯಾರೂ ಹೇಳಿಲ್ಲ. ಈಗ ನಲ್ಲಿ ಮುಟ್ಟಿದರೂ ಜುಮ್.

ಕೊನೆಗೆ ಗುಂಡಿಯ ಬಾಯಿ. ಜಿಐ ಪೈಪಿಗೆ ತಾಮ್ರದ ವೈರ್ ನೇರ ಸುತ್ತಿದ್ದರೆ, ನಮ್ಮ ತೇವಕ್ಕೆ ಅದು ಬಹಳ ಕಾಲ ಬಾಳುವುದಿಲ್ಲ. ಎರಡು ಬೇರೆ ಲೋಹ ಒದ್ದೆಯಲ್ಲಿ ತಾಗಿದರೆ ಅವುಗಳಲ್ಲಿ ಒಂದು ಬೇಗ ಸವೆಯುತ್ತದೆ. ಹೊರಗೆ ನೋಡಲು ವೈರ್ ಕೂತಿರುತ್ತದೆ, ಕೈಯಲ್ಲಿ ಎಳೆದರೆ ಬಿಳಿ ಹಸಿರು ಪುಡಿ ಉದುರಿ ಕಿತ್ತು ಬರುತ್ತದೆ. ತವರ ಬಳಿದ ಲಗ್ ಹಾಕಿ, ಕ್ಲ್ಯಾಂಪ್ ಮತ್ತು ಬೋಲ್ಟ್‌ನಲ್ಲಿ ಹಿಡಿಸಿ, ಜಾಯಿಂಟ್ ಮಣ್ಣಿಗಿಂತ ಮೇಲೆ ಇರುವ ಹಾಗೆ ಮಾಡಿ ಗ್ರೀಸ್ ಬಳಿಯಿರಿ. ಎಳೆದು ನೋಡುವ ಮೊದಲು ಮೈನ್ ಇಳಿಸುವುದು ಮರೆಯಬೇಡಿ.

ಗುಂಡಿ ಇದೆ, ಆದರೂ ಸಾಲದು

ವೈರ್ ಎಲ್ಲ ಸರಿ ಇದ್ದರೆ ಆಗ ಗುಂಡಿಯ ಸರದಿ. ಮಲೆನಾಡಿನಲ್ಲಿ ಮಳೆ ಜಾಸ್ತಿ, ನೆಲ ಸದಾ ತೇವ, ಅರ್ಥಿಂಗ್ ತಾನಾಗೇ ಚೆನ್ನಾಗಿರುತ್ತದೆ ಎಂಬುದು ಎಲ್ಲರ ನಂಬಿಕೆ. ಅರ್ಧ ನಿಜ. ಮನೆಗಳು ಇರುವುದು ತೋಟದ ತಗ್ಗಿನಲ್ಲಲ್ಲ, ಧರೆ ಕಡಿದು ಮಟ್ಟ ಮಾಡಿದ ಜಾಗದಲ್ಲಿ. ಅಡಿಯಲ್ಲಿ ಜಂಬಿಟ್ಟಿಗೆ (ತೂತು ತೂತಿನ ಕೆಂಪು ಮಣ್ಣುಗಲ್ಲು). ನೀರು ಬಿದ್ದಷ್ಟೇ ಬೇಗ ಇಳಿದುಹೋಗುತ್ತದೆ. ಮಾರ್ಚ್ ಹೊತ್ತಿಗೆ ಆ ನೆಲ ಒಣಗಿ ಗಟ್ಟಿಯಾಗಿ ಕರೆಂಟ್ ಹರಿಯಲು ಬಿಡುವುದಿಲ್ಲ. ಸಿಡಿಲು ಬರುವುದು ಸರಿಯಾಗಿ ಅದರ ಬೆನ್ನಿಗೇ. ಹಾಗಾಗಿ ಜುಲೈನಲ್ಲಿ ಅಳೆದ ಓಮ್ ನಂಬಬೇಡಿ, ಮಾರ್ಚ್ ಕೊನೆಯದ್ದನ್ನು ನಂಬಿ.

ಒಂದು ಲೆಕ್ಕ ಹೇಳುತ್ತೇನೆ. 40 ಎಂಎಂ ದಪ್ಪದ, ಎರಡೂವರೆ ಮೀಟರ್ ಉದ್ದದ ಒಂದು ಜಿಐ ಪೈಪ್. ಮಣ್ಣಿನ ರೆಸಿಸ್ಟಿವಿಟಿ (ಕರೆಂಟಿಗೆ ಮಣ್ಣು ಒಡ್ಡುವ ತಡೆ) 100 ಓಮ್-ಮೀಟರ್, ಅಂದರೆ ಸಾಧಾರಣ ಒಳ್ಳೆಯ ಮಣ್ಣು. ಸೂತ್ರಕ್ಕೆ ಹಾಕಿದರೆ ಸುಮಾರು 33 ಓಮ್ ಬರುತ್ತದೆ. ಒಣ ಜಂಬಿಟ್ಟಿಗೆಯಲ್ಲಿ ಇದು ಹಲವು ಪಟ್ಟು. 33 ಓಮ್‌ಗೇ ನೋಡಿ: ಫೇಸ್ ಮೈಗೆ ತಾಗಿದರೆ ಹರಿಯುವುದು 230 ಭಾಗಿಸು 33, ಹೆಚ್ಚೆಂದರೆ 7 ಆಂಪಿಯರ್. 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗೇ ಬೀಳುವ ಸ್ವಿಚ್) ಇದಕ್ಕೆ ಬೀಳುವುದೇ ಇಲ್ಲ! ರ್ಯಾಕ್ ಮೈಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ. ಆದ್ದರಿಂದ ಸ್ವಂತ ಗುಂಡಿ ನಂಬಿಕೊಂಡ ಮನೆಗೆ, ಕಚೇರಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೇಕೇ ಬೇಕು. ಗುಂಡಿ ಎಷ್ಟೇ ಚೆನ್ನಾಗಿರಲಿ.

ಅಳೆಯುವುದಕ್ಕೆ ಮೂರು ಕಂಬಿಯ ಅರ್ಥ್ ಟೆಸ್ಟರ್ ಬೇಕು. ಮೈನ್ ಇಳಿಸಿ, ಗುಂಡಿಯ ವೈರ್ ಬಿಡಿಸಿ (ಮೂರರಲ್ಲಿ ಒಂದು ಆ ಗುಂಡಿಯ ಪೈಪೇ), ಒಂದು ಕಂಬಿ 25 ಮೀಟರ್ ದೂರ, ಇನ್ನೊಂದು ಅದೇ ಸಾಲಿನಲ್ಲಿ ಹದಿನೈದೂವರೆ ಮೀಟರ್‌ನಲ್ಲಿ. ನಡುವಿನ ಕಂಬಿಯನ್ನು ಒಂದೆರಡು ಮೀಟರ್ ಆಚೆ ಈಚೆ ಮಾಡಿದರೂ ಓದಿಕೆ ಹೆಚ್ಚು ಬದಲಾಗಬಾರದು. ಗುಡ್ಡದ ಮನೆಯಲ್ಲಿ 25 ಮೀಟರ್ ನೇರ ಜಾಗ ಎಲ್ಲಿ ಸಿಗಬೇಕು? ಇಳಿಜಾರಿಗೆ ಅಡ್ಡವಾಗಿ, ತೋಟದ ಅಂಚಿನಲ್ಲಿ ಸಾಲು ಹಿಡಿಯಿರಿ. ನೀರಿನ ಕಬ್ಬಿಣದ ಪೈಪ್ ಹೂತಿರುವ ಕಡೆ ಬೇಡ. ಕಂಬಿ ಇಳಿಯದಿದ್ದರೆ ಒಂದು ಚೊಂಬು ನೀರು ಹಾಕಿ. ಕ್ಲ್ಯಾಂಪ್ ನಮೂನೆಯ ಅರ್ಥ್ ಟೆಸ್ಟರ್ ತಂದು ಒಂಟಿ ಗುಂಡಿಗೆ ಹಾಕಿ ನಂಬರ್ ಹೇಳುವವರೂ ಇದ್ದಾರೆ. ಕರೆಂಟ್ ಸುತ್ತಿ ಬರಲು ಬೇರೆ ದಾರಿ ಇಲ್ಲದ ಒಂಟಿ ಗುಂಡಿಯಲ್ಲಿ ಆ ನಂಬರ್‌ಗೆ ಅರ್ಥವಿಲ್ಲ.

ನೆಟ್‌ವರ್ಕ್ ಕೋಣೆಗೆ 5 ಓಮ್ ಒಳಗೆ ಬಂದರೆ ನೆಮ್ಮದಿ. ಒಂದು ಪೈಪ್‌ನಲ್ಲಿ ಬರದಿದ್ದರೆ ಇನ್ನೊಂದು, ಮತ್ತೊಂದು ಹಾಕಿ ಸೇರಿಸಿ. ಆದರೆ ಪಕ್ಕಪಕ್ಕದಲ್ಲಿ ಬೇಡ. ಪೈಪ್‌ನ ಉದ್ದದ ಎರಡರಷ್ಟು, ಅಂದರೆ ಐದು ಮೀಟರ್ ಅಂತರ ಬೇಕು. ಇಲ್ಲದಿದ್ದರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ. ಬಸಿಗಾಲುವೆ ಹತ್ತಿರದ ತಂಪು ಮಣ್ಣಿನಲ್ಲಿ ಜಾಗ ಸಿಕ್ಕರೆ ಅಲ್ಲೇ ಹಾಕಿ. ಉಪ್ಪು ಇದ್ದಿಲು ತುಂಬುವ ಪದ್ಧತಿ ನಮ್ಮ ಮಳೆಗೆ ಅಷ್ಟು ಹೊಂದುವುದಿಲ್ಲ. ಉಪ್ಪು ಕೆಲವೇ ವರ್ಷದಲ್ಲಿ ಕೊಚ್ಚಿಹೋಗುತ್ತದೆ, ಇರುವಷ್ಟು ದಿನ ಜಿಐ ಪೈಪನ್ನು ತಿನ್ನುತ್ತದೆ. ಬೆಂಟೊನೈಟ್ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಇಳಿಜಾರಿನ ಜಂಬಿಟ್ಟಿಗೆಗೆ ಅದೇ ವಾಸಿ. ಹಳೇ ಗುಂಡಿಯನ್ನೇ ಇಟ್ಟುಕೊಳ್ಳುವುದಾದರೆ ಬೇಸಿಗೆಯಲ್ಲಿ ಬಚ್ಚಲಿನ ನೀರು ಅದರ ಬಾಯಿಗೆ ಹೋಗುವ ಹಾಗೆ ಮಾಡಿದರೂ ಓಮ್ ಇಳಿಯುತ್ತದೆ.

ಎರಡು ಕಟ್ಟಡ, ಎರಡು ಅರ್ಥ್

ಇಲ್ಲಿ ಸ್ವಲ್ಪ ನಿಧಾನ ಹೋಗೋಣ. ಪೋರ್ಟ್ ಸಾಯುವ ಪ್ರಕರಣಗಳಲ್ಲಿ ಮುಕ್ಕಾಲುವಾಸಿ ಇಲ್ಲೇ ಇರುವುದು.

ಹೊಸನಗರದ ಕಡೆ ಒಂದು ಸಹಕಾರ ಸಂಘ. ರಸ್ತೆ ಪಕ್ಕ ಕಚೇರಿ, ಹಿಂದೆ ಸುಮಾರು 60 ಮೀಟರ್ ದೂರದಲ್ಲಿ ಗೋದಾಮು. ಎರಡಕ್ಕೂ ಬೇರೆ ಮೀಟರ್, ಬೇರೆ ಗುಂಡಿ. ನಡುವೆ ಶೀಲ್ಡ್ (ಸುತ್ತ ಲೋಹದ ಹೊದಿಕೆ) ಇರುವ ಕ್ಯಾಟ್ 6 ನೆಟ್‌ವರ್ಕ್ ಕೇಬಲ್, ಮರದಿಂದ ಮರಕ್ಕೆ. ಗೋದಾಮಿನ ಸ್ವಿಚ್ ಪ್ರತಿ ಬೇಸಿಗೆ ಸಾಯುತ್ತಿತ್ತು. ಸಂಘದ ಕಾರ್ಯದರ್ಶಿಗಳಿಗೆ ಅರ್ಥಿಂಗ್ ನೋಡಬೇಕು ಎಂದರೆ ಬೇಜಾರು. "ಇದ್ಯಲ್ಲ ಮಾರಾಯ್ರೇ, ಗುಂಡಿ ತೆಗೆಸಿದ್ದೇ ನಾನು. ಎರಡು ಇತ್ತು, ಹೋದ ವರ್ಷ ಕಂಪ್ಯೂಟರಿಗೇ ಅಂತ ಮೂರನೇದು ಬೇರೆ ತೆಗೆಸಿದೀನಿ. ಇನ್ನೆಂತ ಮಾಡೂದು?"

ಗುಂಡಿ ಮೂರೂ ಚೆನ್ನಾಗಿಯೇ ಇದ್ದವು. ತೊಂದರೆ ಇದ್ದದ್ದು ಅವು ಮೂರೂ ಒಂದಕ್ಕೊಂದು ಸೇರದೆ ಬೇರೆ ಬೇರೆ ಇರುವುದರಲ್ಲೇ. ಗೋದಾಮಿನ ತುದಿಯಲ್ಲಿ ಕೇಬಲ್ ಬಿಡಿಸಿ, ಅದರ ಶೀಲ್ಡ್‌ಗೂ ಗೋದಾಮಿನ ರ್ಯಾಕ್ ಮೈಗೂ ಮೀಟರ್ ಇಟ್ಟಾಗ 11 ವೋಲ್ಟ್ ಎಸಿ. ಅಲ್ಲಿನ ಮೋಟಾರ್ ಹಾಕಿದರೆ ಇನ್ನೂ ಮೇಲೆ. ಮೋಟಾರ್‌ನ ಸುರುಳಿಗೆ ತೇವ ಹಿಡಿದು ಅರ್ಥ್‌ಗೆ ಸೋರುತ್ತಿತ್ತು. ಆ ಕರೆಂಟಿನ ಒಂದು ಪಾಲು ನೆಟ್‌ವರ್ಕ್ ಕೇಬಲ್‌ನ ಶೀಲ್ಡ್ ಹಿಡಿದು ಕಚೇರಿಯ ಗುಂಡಿಗೆ ಹೋಗುತ್ತಿತ್ತು. ಅಲ್ಲಿ ದಿನನಿತ್ಯ ಕಾಣುತ್ತಿದ್ದ ಪ್ಯಾಕೆಟ್ (ಕೇಬಲ್‌ನಲ್ಲಿ ಹೋಗುವ ಡೇಟಾ ತುಂಡು) ಎರರ್‌ಗಳಿಗೆ ಕಾರಣ ಇದು.

ಸಿಡಿಲಿನಲ್ಲಿ ಏನಾಗುತ್ತದೆ ನೋಡಿ. ನೆಲಕ್ಕೆ ಬೀಳುವ ಒಂದು ಸಾಧಾರಣ ಸಿಡಿಲಿನಲ್ಲಿ 30 ಸಾವಿರ ಆಂಪಿಯರ್ ಸುಮಾರು ಇರುತ್ತದೆ. ಗೋದಾಮಿನ ಹತ್ತಿರ ಎಲ್ಲೋ ಬಿದ್ದು ಅದರ ನೂರರಲ್ಲಿ ಒಂದು ಪಾಲು, 300 ಆಂಪಿಯರ್, ಆ ಗುಂಡಿಯಲ್ಲಿ ಇಳಿಯಿತು ಎನ್ನಿ. 33 ಓಮ್ ಗುಂಡಿ ಆದರೆ ಹತ್ತು ಸಾವಿರ ವೋಲ್ಟ್. ಗೋದಾಮಿನ ರ್ಯಾಕ್ ಅಷ್ಟು ಎತ್ತರಕ್ಕೆ ಏರಿತು, ಕಚೇರಿಯ ರ್ಯಾಕ್ ತನ್ನ ಗುಂಡಿಯ ಮಟ್ಟದಲ್ಲೇ ಇದೆ. ನಡುವೆ ಇರುವುದು ಒಂದೇ ಒಂದು ಕೇಬಲ್. ಇಥರ್ನೆಟ್ (ಲ್ಯಾನ್ ಕೇಬಲ್‌ನ) ಪೋರ್ಟ್ ಒಳಗಿನ ಟ್ರಾನ್ಸ್‌ಫಾರ್ಮರ್ ತಡೆಯುವುದು 1500 ವೋಲ್ಟ್ ಮಟ್ಟಕ್ಕೆ. ಸಿಡಿಲು ಸಂಘದ ಮೇಲೆ ಬೀಳಲೇ ಬೇಕಿಲ್ಲ, ಆಚೆ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಬಿದ್ದರೂ ಸಾಕು.

ಕಂಪ್ಯೂಟರ್‌ಗೆ ಪ್ರತ್ಯೇಕ "ಶುದ್ಧ" ಅರ್ಥ್ ಎಂಬ ಮೂರನೇ ಗುಂಡಿ ಇದನ್ನು ಇನ್ನೂ ಕೆಡಿಸಿತ್ತು. ಕಚೇರಿಯ ರ್ಯಾಕ್‌ಗೆ ಹೊಸ ಗುಂಡಿ, ಅದೇ ರ್ಯಾಕ್‌ನ ಯುಪಿಎಸ್‌ಗೆ ಡಿಬಿಯ ಹಳೇ ಗುಂಡಿ. ಈಗ ಒಂದೇ ಕಟ್ಟಡದ ಒಳಗೂ ಎರಡು ಮಟ್ಟ. ಹೊಸ ಗುಂಡಿ ತೆಗೆಯುವುದು ತಪ್ಪಲ್ಲ. ಅದನ್ನು ಹಳೆಯದರ ಜೊತೆ ದಪ್ಪ ವೈರಿನಲ್ಲಿ ಕಟ್ಟದೆ ಬಿಡುವುದು ತಪ್ಪು. ಒಂದು ಕಟ್ಟಡಕ್ಕೆ ಎಷ್ಟು ಗುಂಡಿ ಬೇಕಾದರೂ ಇರಲಿ, ಎಲ್ಲವೂ ಒಂದೇ ಅರ್ಥ್ ಬಾರ್‌ಗೆ ಬಂದು ಸೇರಬೇಕು. ರ್ಯಾಕ್, ಯುಪಿಎಸ್, ಸರ್ಜ್ ಪ್ರೊಟೆಕ್ಟರ್, ಆಂಟೆನಾ ಪೈಪ್ ಎಲ್ಲದರ ಹಸಿರು ವೈರೂ ಅಲ್ಲಿಗೇ. ಅರ್ಥಿಂಗ್‌ಗೆಂದೇ ಇರುವ ನಮ್ಮ ದೇಶದ ಮಾನದಂಡ ಐಎಸ್ 3043. ಕೆಲಸ ಹಿಡಿದವರು ಅದರ ಹೆಸರನ್ನಾದರೂ ಕೇಳಿದ್ದಾರಾ ಎಂದು ವಿಚಾರಿಸಿಕೊಳ್ಳಿ.

ಸಂಘದಲ್ಲಿ ಮೂರನೇ ಗುಂಡಿಯನ್ನು ಕಚೇರಿಯ ಅರ್ಥ್ ಬಾರ್‌ಗೆ ಸೇರಿಸಿದೆವು, ಮೋಟಾರನ್ನು ರಿಪೇರಿಗೆ ಕಳಿಸಿದೆವು, ಎರಡು ಕಟ್ಟಡದ ನಡುವಿನ ತಾಮ್ರ ತೆಗೆದು ಫೈಬರ್ ಹಾಕಿದೆವು. ಫೈಬರ್‌ನಲ್ಲಿ ಗಾಜು ಮಾತ್ರ, ಕರೆಂಟ್ ಹೋಗುವುದಿಲ್ಲ. ಇಲ್ಲೂ ಒಂದು ಕಡೆ ಎಡವುತ್ತಾರೆ. ಮನೆಗಳಿಗೆ ಎಳೆಯುವ ಚಪ್ಪಟೆ ಡ್ರಾಪ್ ಕೇಬಲ್‌ನ ಪಕ್ಕದಲ್ಲಿ ಎಳೆತ ತಡೆಯುವ ಒಂದು ಉಕ್ಕಿನ ತಂತಿ ಇರುತ್ತದೆ. ಕಂಬದಿಂದ ಬಂದ ಆ ತಂತಿಯನ್ನು ಹಾಗೇ ಒಳಗೆ ತಂದು ರ್ಯಾಕ್ ಪಕ್ಕ ಸುತ್ತಿಟ್ಟರೆ ಫೈಬರ್ ಹಾಕಿಯೂ ಸಿಡಿಲಿಗೆ ದಾರಿ ಬಿಟ್ಟ ಹಾಗಾಯಿತು. ಗೋಡೆಯ ಹೊರಗೇ ಕೊಕ್ಕೆಗೆ ಕಟ್ಟಿ, ಉಕ್ಕಿನ ತಂತಿಯನ್ನು ಅಲ್ಲೇ ಕತ್ತರಿಸಿ, ಬರೀ ಫೈಬರ್ ಭಾಗ ಒಳಗೆ ಬರಬೇಕು. ಕೇಬಲ್‌ಗೆ ಕಬ್ಬಿಣದ ಕವಚ ಇದ್ದರೂ ಹೀಗೇ.

ಫೈಬರ್ ಹಾಕುವ ಹಾಗಿಲ್ಲ ಎಂದಾದರೆ ಶೀಲ್ಡ್ ಇಲ್ಲದ ಕೇಬಲ್ ಹಾಕಿ, ಎರಡೂ ತುದಿಯಲ್ಲಿ ಇಥರ್ನೆಟ್ ಸರ್ಜ್ ಪ್ರೊಟೆಕ್ಟರ್ ಕೂರಿಸಿ, ಆಯಾ ಕಟ್ಟಡದ ಅರ್ಥ್ ಬಾರ್‌ಗೆ ಕಟ್ಟಿ. ಶೀಲ್ಡ್ ಕೇಬಲ್ ಆಗಲೇ ಇದ್ದರೆ ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿ. ಇದು ಎರಡನೇ ದರ್ಜೆಯ ಪರಿಹಾರ.

ಛಾವಣಿ ಮೇಲಿನ ಪೈಪ್

ಸಿಗ್ನಲ್ ಸಿಗಲಿ ಎಂದು ಮನೆಯ ಅತಿ ಎತ್ತರದ ಜಾಗದಲ್ಲಿ ಜಿಐ ಪೈಪ್ ನೆಟ್ಟು ಆಂಟೆನಾ ಕಟ್ಟುತ್ತೇವೆ. ಅದರ ಕೇಬಲ್ ನೇರ ರೂಟರ್‌ಗೆ ಬರುತ್ತದೆ. ಪೈಪಿನ ಅರ್ಥ್ ವೈರ್ ಮನೆಯ ಹೊರಗಡೆಯಿಂದಲೇ ನೆಟ್ಟಗೆ ಕೆಳಗಿಳಿದು ಗುಂಡಿಗೆ ಹೋಗಬೇಕು, ಆ ಗುಂಡಿ ಮನೆಯ ಅರ್ಥ್‌ಗೆ ಸೇರಿರಬೇಕು. ಒಳಗೆ ಬಂದು ರ್ಯಾಕ್ ಸುತ್ತಿ ಹೋಗಬಾರದು. ಉಳಿದ ವೈರನ್ನು ಕತ್ತರಿಸಲು ಮನಸ್ಸಾಗದೆ ಸುರುಳಿ ಸುತ್ತಿ ನೇತುಹಾಕುವ ಅಭ್ಯಾಸ ಬಿಡಿ. ಒಂದು ಮೀಟರ್ ವೈರಿಗೆ ಸುಮಾರು ಒಂದು ಮೈಕ್ರೋಹೆನ್ರಿ ಇಂಡಕ್ಟನ್ಸ್ (ಏಕಾಏಕಿ ಏರುವ ಕರೆಂಟನ್ನು ತಡೆಯುವ ಗುಣ) ಇರುತ್ತದೆ. ಮೈಕ್ರೋಸೆಕೆಂಡಿಗೆ ಸಾವಿರ ಆಂಪಿಯರ್ ಏರುವ ಸಿಡಿಲಿನ ಪಾಲು ಬಂದರೆ ಮೀಟರಿಗೆ ಸಾವಿರ ವೋಲ್ಟ್. ಮಲ್ಟಿಮೀಟರ್‌ನಲ್ಲಿ ಸೊನ್ನೆ ಓಮ್ ತೋರಿಸುವ ವೈರ್, ಸಿಡಿಲಿಗೆ ದೊಡ್ಡ ತಡೆ. ಗಿಡ್ಡ, ನೇರ, ದಪ್ಪ ಇದ್ದಷ್ಟೂ ಒಳ್ಳೆಯದು.

ಆಂಟೆನಾ ಸತ್ತಿತು ಎಂದು ಸಿಡಿಲನ್ನೇ ದೂರಬೇಡಿ. ಕೇಬಲ್‌ನ ಹೊರ ಸಿಪ್ಪೆ ಮೇಲೆ ಎಲ್ಲೋ ಸೀಳಿದ್ದರೆ ಮಳೆ ನೀರು ಒಳಗೊಳಗೇ ಇಳಿದು ಕೆಳಗಿನ ಪಿಒಇ (ಲ್ಯಾನ್ ಕೇಬಲ್‌ನಲ್ಲೇ ಕರೆಂಟ್ ಕಳಿಸುವ) ಅಡಾಪ್ಟರ್‌ಗೇ ಬರುತ್ತದೆ. ಆರ್‌ಜೆ 45 (ಲ್ಯಾನ್ ಕೇಬಲ್ ತುದಿಯ ಕನೆಕ್ಟರ್) ಪಿನ್ ಹಸಿರು ಹಿಡಿದಿದ್ದರೆ ಅದು ನೀರು, ಕಪ್ಪಗೆ ಕರಕಲಾಗಿದ್ದರೆ ಸಿಡಿಲಿನ ಏಟು. ಕೇಬಲ್ ಒಳಗೆ ಬರುವ ಮೊದಲು ಕೆಳಕ್ಕೆ ಒಂದು ಬಾಗು ಕೊಟ್ಟರೆ ಸಿಪ್ಪೆಯ ಹೊರಗೆ ಹರಿಯುವ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಸರಿ ಮಾಡಿದ ಮೇಲೆ ಬರುವ ಫೋನ್

ಅರ್ಥಿಂಗ್ ಸರಿಯಾದ ಮಾರನೇ ದಿನ ಫೋನ್ ಬರುತ್ತದೆ. "ಮೊದಲೇ ಚೆನ್ನಾಗಿತ್ತು, ಈಗ ಆರ್‌ಸಿಸಿಬಿ ಬೀಳ್ತಾ ಇದೆ." ಬೀಳಲೇಬೇಕು. ಇಷ್ಟು ದಿನ ಸೋರಿಕೆಗೆ ದಾರಿ ಇರಲಿಲ್ಲ, ಈಗ ಇದೆ. 30 ಮಿಲಿಆಂಪಿಯರ್ ಎಂದು ಬರೆದ ಆರ್‌ಸಿಸಿಬಿ 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಎಲ್ಲ ಪ್ಲಗ್ ಕಿತ್ತು ಒಂದೊಂದಾಗಿ ಹಾಕಿ. ಒಂದೇ ಸಾಮಾನಿಗೆ ಬಿದ್ದರೆ ಅದೇ ಕಳ್ಳ, ಸಾಮಾನ್ಯವಾಗಿ ಗೀಸರ್ ಅಥವಾ ಹಳೇ ಮೋಟಾರ್. ಯಾವುದೇ ಒಂದಕ್ಕಲ್ಲ, ಎಲ್ಲ ಸೇರಿದಾಗ ಬೀಳುತ್ತದೆ ಎಂದರೆ ಕಂಪ್ಯೂಟರ್, ಯುಪಿಎಸ್‌ಗಳ ಸಣ್ಣ ಸೋರಿಕೆ ಕೂಡಿ ಆದದ್ದು. ನೆಟ್‌ವರ್ಕ್ ಸಾಮಾನಿಗೆ ಬೇರೆ ಆರ್‌ಸಿಸಿಬಿ ಕೊಟ್ಟು ಲೋಡ್ ಹಂಚಿ. ಅರ್ಥ್ ವೈರ್ ಬಿಚ್ಚಿ "ಸರಿ ಮಾಡುವ" ಎಲೆಕ್ಟ್ರಿಷಿಯನ್ ಸಿಕ್ಕರೆ ಕಾಫಿ ಕೊಟ್ಟು ಕಳಿಸಿಬಿಡಿ.

ಇಷ್ಟೆಲ್ಲ ಮಾಡಿದರೂ ನೇರ ಸಿಡಿಲಿಗೆ ಯಾವ ಸಾಮಾನೂ ಉಳಿಯುವುದಿಲ್ಲ. ಮೋಡ ಕಪ್ಪಾಗುತ್ತಿದ್ದ ಹಾಗೆ, ಗುಡುಗು ಶುರುವಾಗುವ ಮೊದಲೇ ಪ್ಲಗ್ ಕೀಳಿ. ಹೆಚ್ಚಿನವರು ಕರೆಂಟಿನ ಪ್ಲಗ್ ಮಾತ್ರ ಕಿತ್ತು ಲ್ಯಾನ್ ಕೇಬಲ್ ಹಾಗೇ ಬಿಡುತ್ತಾರೆ. ಹೊರಗಿನಿಂದ ಬರುವ ಲ್ಯಾನ್ ಕೇಬಲ್ ಕೂಡ ಕೀಳಬೇಕು, ಆಂಟೆನಾದ್ದಂತೂ ಮೊದಲು.

ಗುಂಡಿಯ ಓಮ್, ಸಾಕೆಟ್‌ನ ಮೂರು ವೋಲ್ಟೇಜ್, ಅಳೆದ ತಿಂಗಳು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಡಿಬಿ ಮುಚ್ಚಳದ ಒಳಗೆ ಅಂಟಿಸಿಡಿ. ಮುಂದಿನ ಮಾರ್ಚ್‌ನಲ್ಲಿ ಬರುವ ಎಲೆಕ್ಟ್ರಿಷಿಯನ್ ಬೇರೆಯವರಿರಬಹುದು. ಹೋದ ಸಲ 6 ಇದ್ದದ್ದು ಈ ಸಲ 25 ಆಗಿದೆ ಎಂದು ಕಂಡರೆ ಅವರು ಮೊದಲು ಗುಂಡಿಯ ಬಾಯಿಯ ಕ್ಲ್ಯಾಂಪ್ ಬಿಚ್ಚಿ ನೋಡುತ್ತಾರೆ, ಹೊಸ ಗುಂಡಿಗೆ ಲೆಕ್ಕ ಕೊಡುವುದಿಲ್ಲ.